ತೊಡೆಯ ಮೇಲಿನ ತಾಳ

ಮುದುಕ ಟಿಬ್ಸ್ ಮತ್ತೆ ಹಾಡು ನಿಲ್ಲಿಸಿದ. ಪಕ್ಕದಲ್ಲಿ ಗಿಟಾರ್ ಹಿಡಿದು ಕೂತಿದ್ದ ನಿಹಾರಿಕಾಳ ಮುಖ ಸಣ್ಣದಾಯಿತು. ಕಳೆದ ವರ್ಷ ಸಾಂಪ್ರದಾಯಿಕ ಬ್ಲೂಸ್ ಸಂಗೀತದ ಆಲ್ಬಮ್‌ಗೆ ಪ್ರಶಸ್ತಿ ಗೆದ್ದ ಗಾಯಕ ಅವನು. ಅವನ ತಂಡದಲ್ಲೀಗ ಗಿಟಾರಿನವರ ಜಾಗ ಖಾಲಿ. ಇವತ್ತು ಮೆಚ್ಚಿದರೆ ಆ ಜಾಗ ಅವಳದು, ಇಲ್ಲದಿದ್ದರೆ ಇಲ್ಲ.

ಶಿಕಾಗೋದ ಆ ಕ್ಲಬ್ಬಿನಲ್ಲಿ ಆ ಮಧ್ಯಾಹ್ನ ಇದ್ದ ಕೇಳುಗ ಒಬ್ಬನೇ, ಅವಳ ಅಪ್ಪ ಜಯಸಿಂಹ. ಹತ್ತಿರದ ಊರು ಬೋಲಿಂಗ್‌ಬ್ರೂಕ್‌ನಿಂದ ಡ್ರೈವ್ ಮಾಡಿಕೊಂಡು ಮಗಳನ್ನು ಕರೆತಂದಿದ್ದ. ಮೈಸೂರಿನಲ್ಲಿ ಕಚೇರಿ ಕೇಳಿ ಬೆಳೆದ ಜೀವ. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎಂದರೂ ತಾಳ ಹಾಕುವ ಆಸಾಮಿ. ಮಗಳಿಗೆ ಲಯ ಕಲಿಸಿದವನೂ ಅವನೇ. ಈಗಲೂ ಮುಂದಿನ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಬಿಗಿಯಾಗಿ ತಾಳ ಹಾಕುತ್ತಿದ್ದ.

"ಬ್ಲೂಸ್‌ನಲ್ಲಿ ಹನ್ನೆರಡು ಆವರ್ತಕ್ಕೆ ಹಾಡಿನ ಒಂದು ಸುತ್ತು ಅಲ್ವಾ? ನಾನು ಸರಿಯಾಗೇ ನುಡಿಸಿದೆ," ಎಂದಳು ನಿಹಾರಿಕಾ.

"ನೀನು ಸರಿ ಮಗು, ನಾನೇ ಸರಿಯಿಲ್ಲ. ಹೇಳೋದು ಮುಗಿದಾಗ ನನ್ನ ಸುತ್ತು ಮುಗಿಯುತ್ತೆ. ಒಂದ್ಸಲ ಹನ್ನೊಂದು, ಒಂದ್ಸಲ ಹದಿಮೂರು. ಆ ತಪ್ಪಿಗೇ ಪ್ರಶಸ್ತಿ ಕೊಟ್ಟಿದ್ದಾರೆ!" ಟಿಬ್ಸ್ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ, "ನುಡಿಸುವಾಗ ಎಲ್ಲಿ ನೋಡ್ತೀಯ? ನನ್ನ ಮುಖವಂತೂ ಅಲ್ಲ."

ಅವಳ ಕಣ್ಣು ಅಪ್ಪನ ಕೈ ಕಡೆ ಹೋಯಿತು.

ಜಯಸಿಂಹನಿಗೆ ಅರ್ಥವಾಯಿತು. ಆಸರೆಯಾಗಲಿ ಎಂದುಕೊಂಡಿದ್ದ ಕೈಯೇ ಮಗಳನ್ನು ಕಟ್ಟಿಹಾಕಿತ್ತು. ಸಂಕಟವಾಯಿತು, ಸ್ವಲ್ಪ ಸಿಟ್ಟೂ ಬಂತು. ತಾಳ ತಪ್ಪುವುದಕ್ಕೂ ಪ್ರಶಸ್ತಿಯೇ? ಆದರೂ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭದ್ರವಾಗಿ ಕೂತ.

ಟಿಬ್ಸ್ ಮತ್ತೆ ಶುರುಮಾಡಿದ. ತೀರಿಹೋದ ಹೆಂಡತಿಯ ಮೇಲೆ ಕಟ್ಟಿದ ಹಾಡು. ನಿಹಾರಿಕಾ ಅಭ್ಯಾಸಬಲದಿಂದ ಅಪ್ಪನತ್ತ ನೋಡಿದಳು. ಅಲ್ಲಿ ಕೈ ಇರಲಿಲ್ಲ. ಗಾಬರಿಯಿಂದ ಮುದುಕನ ಮುಖಕ್ಕೇ ಕಣ್ಣು ನೆಟ್ಟಳು. ಅವನು ಉಸಿರಿಗೆಂದು ತಡೆದಲ್ಲಿ ತಡೆದಳು, ಹಾಡು ತಿರುಗಿಸಿದಲ್ಲಿ ತಾನೂ ತಿರುಗಿಸಿದಳು. ಈ ಸಲ ಹಾಡು ಕೊನೆಯವರೆಗೂ ಹೋಯಿತು.

"ಶನಿವಾರದ ಶೋಗೆ ಕಪ್ಪು ಬಟ್ಟೆ ಹಾಕ್ಕೊಂಡು ಬಾ. ನಮ್ಮ ತಂಡದವರೆಲ್ಲ ಅದನ್ನೇ ಹಾಕೋದು," ಎಂದ ಟಿಬ್ಸ್.

ನಿಹಾರಿಕಾ ಓಡಿಬಂದು ಅಪ್ಪನ ಮುಂದೆ ನಿಂತಳು. "ಅಪ್ಪಾ, ಬಿ ಆನೆಸ್ಟ್. ತಾಳ ಎಷ್ಟು ಕಡೆ ತಪ್ಪಿತು?"

ಜಯಸಿಂಹ ಜೋಮು ಹಿಡಿದ ಕೈಗಳನ್ನು ಕೊಡವಿಕೊಂಡ.

"ಗೊತ್ತಾಗ್ಲಿಲ್ಲ ಪುಟ್ಟಿ. ಇವತ್ತು ನೀನು ನುಡಿಸೋದು ಕೇಳ್ತಾ ಕೂತ್ಬಿಟ್ಟೆ."