ಆಲುಷನ ಕಲ್ಲು

ಮಾಯಾ ಜನರ ಹಳೆಯ ಪಿರಮಿಡ್ಡಿನ ಬುಡದಲ್ಲಿ ಎರೆಂದಿರಾ ಚೀಲದಿಂದ ಕಲ್ಲೊಂದನ್ನು ತೆಗೆದು ಗೈಡ್ ನಿಕಾನೋರನ ಅಂಗೈಯಲ್ಲಿಟ್ಟಳು. ಅವಳ ಹೆಗಲ ಮೇಲೆ ಮಗು ಕಣ್ಣು ತೆರೆಯದೆ ಏದುಸಿರು ಬಿಡುತ್ತಿತ್ತು.

"ಹೋದ ವಾರ ಇಲ್ಲಿಂದ ಎತ್ಕೊಂಡು ಹೋಗಿದ್ದೆ, ಡೋನ್ ನಿಕಾನೋರ್. ತಪ್ಪಾಯ್ತು. ನಾಲ್ಕು ದಿನದಿಂದ ಮಗೂಗೆ ಜ್ವರ."

"ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ. ಕಲ್ಲು ಕದ್ದೋರ ಮಕ್ಕಳಿಗೆ ಆಲುಷ್ ಜ್ವರ ತರ್ತಾನೆ, ವಾಪಸ್ ಇಟ್ರೇನೇ ಇಳಿಯೋದು ಅಂತ ನೀವೇ ಹೇಳಿದ್ರಲ್ಲ!"

ಹೇಳಿದ್ದ. ಹೊಲ ಕಾಯುವ ಗೇಣುದ್ದದ ಭೂತ ಆಲುಷನ ಕಥೆ ಹೇಳಿ, ತನ್ನ ಅಜ್ಜ ಅವನಿಗೆ ಮೆಕ್ಕೆಜೋಳದ ಗಂಜಿ ಇಟ್ಟು ನಡುಗುತ್ತಿದ್ದುದನ್ನು ನಟಿಸಿ ತೋರಿಸಿ, ಇಪ್ಪತ್ತು ವರ್ಷದಿಂದ ಬಂದವರನ್ನೆಲ್ಲ ನಗಿಸಿದ್ದ. ಈಗ ಕೈಯಲ್ಲಿದ್ದದ್ದು ಕಲ್ಲೂ ಅಲ್ಲ, ಮೆಟ್ಟಿಲ ರಿಪೇರಿಯಲ್ಲಿ ಉಳಿದ ಸಿಮೆಂಟಿನ ತುಂಡು.

"ತಾಯೀ, ಅದು ಬರೀ ಕಥೆ. ಮೊದ್ಲು ಆಸ್ಪತ್ರೆಗೆ ಹೋಗಿ."

"ಅವನು ಕ್ಷಮಿಸೋ ತನಕ ನಾನು ಕದಲಲ್ಲ."

ನಿಕಾನೋರ್ ಮಂಡಿಯೂರಿ ತುಂಡನ್ನು ಮೆಟ್ಟಿಲ ಮೇಲಿಟ್ಟು, ಅಜ್ಜನ ಮಾಯಾ ಭಾಷೆಯಲ್ಲಿ ಏನೋ ಗೊಣಗಿ ತಲೆಯೆತ್ತಿದ. "ಕ್ಷಮಿಸಿದ್ದಾನೆ. ಆದ್ರೆ ಈಗಿಂದೀಗ್ಲೇ ಡಾಕ್ಟರ ಹತ್ರ ಹೋದ್ರೆ ಮಾತ್ರ ಜ್ವರ ಬಿಡಿಸ್ತಾನಂತೆ. ಓಡಿ!"

ಅವಳು ಓಡಿದಳು. ನಿಕಾನೋರ್ ಮಧ್ಯಾಹ್ನಕ್ಕೆಂದು ತಂದಿದ್ದ ಗಂಜಿಯನ್ನು ಆ ಸಿಮೆಂಟಿನ ಮುಂದಿಟ್ಟ. ಕೈ ನಡುಗುತ್ತಿತ್ತು, ಸುತ್ತ ನೋಡುವವರು ಯಾರೂ ಇರಲಿಲ್ಲ.