ಈರುಳ್ಳಿ ಅಲೆಗಳು

ಈರುಳ್ಳಿ ಹೆಚ್ಚುವಾಗ ಈಗಲೂ ನನಗೆ ನೀಲಿ ಇಂಕಿನ ವಾಸನೆ ಬಂದಂತಾಗುತ್ತದೆ.

ಅಕ್ಕ ತಾನೇ ಮೆಚ್ಚಿದವನನ್ನು ಮದುವೆಯಾಗಿ ಕಾರವಾರ ಸೇರಿದ್ದಳು. ಹೊಸದುರ್ಗದ ನಮ್ಮ ಮನೆಯಲ್ಲಿ ಅವಳ ಹೆಸರೆತ್ತಲು ಅಪ್ಪ ಬಿಡುತ್ತಿರಲಿಲ್ಲ. ಅವಳ ಹುಟ್ಟುಹಬ್ಬಕ್ಕೆ ನಾನು ಸಮುದ್ರದ ಕಾರ್ಡು ಮಾಡಲು ಕೂತಾಗ, ಅಮ್ಮ ಅಪ್ಪನ ಅಂಗಡಿಯ ಸ್ಟಾಂಪ್ ಪ್ಯಾಡ್ ತಂದುಕೊಟ್ಟಳು. ಹೋಳು ಮಾಡಿದ ಈರುಳ್ಳಿಯನ್ನು ಅದಕ್ಕೊತ್ತಿ ರಟ್ಟಿನ ಮೇಲೆ ಅಲೆಗಳನ್ನು ಮೂಡಿಸಿದೆ. ಆಲೂಗಡ್ಡೆಯಲ್ಲಿ ಕೊರೆದ ದೊಡ್ಡ ಮೀನನ್ನೂ ಒತ್ತಿದೆ.

"ಬೇಗ ಮುಗ್ಸೇ, ನಿಮ್ಮಪ್ಪ ಬರೋ ಹೊತ್ತಾತು," ಎನ್ನುತ್ತ ಅಮ್ಮ ಬಾಗಿಲಿಗೂ ಒಳಕ್ಕೂ ಓಡಾಡುತ್ತಿದ್ದಳು. ಎಷ್ಟು ಊದಿದರೂ ಇಂಕು ಒಣಗಲಿಲ್ಲ.

ಅಪ್ಪ ಬಂದೇಬಿಟ್ಟ. "ಯಾರಿಗಿದು?"

"ಅಕ್ಕಂಗೆ," ಎಂದೆ.

ಅಮ್ಮ ಸೆರಗು ಹಿಂಡುತ್ತ ನಿಂತಳು. ಅಪ್ಪ ಕಾರ್ಡನ್ನೇ ಬಹಳ ಹೊತ್ತು ನೋಡಿದ.

"ಮೀನಿಗೆ ಕಣ್ಣೇ ಇಲ್ವಲ್ಲೇ," ಎಂದು ಕಿರುಬೆರಳನ್ನು ಪ್ಯಾಡಿಗೊತ್ತಿ, ತಾನೇ ಕಣ್ಣಿಟ್ಟ.