ಹೊರಗೆ ಹೋದ ಮಣಿ

ನಮ್ಮೂರಿನಲ್ಲಿ ಪ್ರತಿ ಮನೆಯೂ ತನ್ನ ಗೋಡೆಯ ನಕ್ಷೆಯಂತೆ ನಡೆಯುತ್ತದೆ. ನಮ್ಮ ನಕ್ಷೆಯನ್ನು ಮದುವೆಯಾದ ವಾರ ನಾನೇ ಬರೆದೆ. ಎರಡು ವೃತ್ತ, 'ಮನೆ' ಮತ್ತು 'ಹೊರಗೆ'. ಎರಡು ಮಣಿ, ನನ್ನದು ಮತ್ತು ಗಂಡ ಗುರುಶಾಂತನದು; ನಾವು ಹೋಗಿ ಬಂದಂತೆ ಅವೂ ಸರಿಯುತ್ತವೆ. ಎರಡೂ 'ಮನೆ'ಯಲ್ಲಿದ್ದರೆ ಮಾತ್ರ ಒಲೆ ಹೊತ್ತುತ್ತದೆ, ಬೀದಿ ಬಾಗಿಲು ಚಿಲಕ ಹಾಕಿಕೊಳ್ಳುತ್ತದೆ. ಒಬ್ಬರೇ ಉಣ್ಣುವುದು ಬೇಡ ಎಂದು ಅವನು ಕೇಳಿಕೊಂಡಿದ್ದ.

ಅವನು ತೀರಿಕೊಂಡು ಹನ್ನೊಂದು ದಿನವಾಯಿತು. ಅವನ ಮಣಿ 'ಹೊರಗೆ' ಎಂಬಲ್ಲೇ ಇದೆ. ಪಕ್ಕದ ಮನೆಯವರು ಕೊಟ್ಟ ರೊಟ್ಟಿ ತಿಂದು ನಕ್ಷೆ ಕಚೇರಿಗೆ ಹೋದೆ.

"ನಮ್ಮ ಮನಿಯವರ ಮಣಿ ತೆಗೆದುಬಿಡ್ರಿ," ಎಂದೆ.

"ಕೈಲೆ ತೆಗಿಯಾಕ ಬರಂಗಿಲ್ರೀ ಅಕ್ಕಾರ," ಎಂದ ಗುಮಾಸ್ತ ಶಾಂತವೀರ. "ಕಾಲೇಜಿನ್ಯಾಗ ಇದನ್ನ ಕಲಿಸೋರು ನೀವು, ನಿಮಗ ನಾ ಏನ್ ಹೇಳ್ಲಿ? ಸಾವಿಗೆ ಅಂತ ವೃತ್ತಾನೇ ಬರ್ದಿಲ್ಲ ನೀವು."

"ಮದುವಿ ವಾರದಾಗ ಅದನ್ನ ಯಾರು ಬರೀತಾರ?"

ಅವನು ನಮ್ಮ ನಕ್ಷೆಯ ಪ್ರತಿ ತೆಗೆದು ಮುಂದಿಟ್ಟ. "'ಹೊರಗೆ' ಅನ್ನೋದನ್ನ ಸಣ್ಣ ಸಣ್ಣ ವೃತ್ತ ಮಾಡಿ ಬಿಡಿಸಿ ಬರೀರಿ. ಮಣಿ ಮುಂದ ಸರೀತೈತಿ."

ಬಿಡಿಸಿ ಬರೆದೆ: ರಸ್ತೆ, ಆಸ್ಪತ್ರೆ, ರುದ್ರಭೂಮಿ. ವೃತ್ತವನ್ನು ಎಷ್ಟು ಬಿಡಿಸಿದರೂ ಅದರ ಒಳದಾರಿ, ಹೊರದಾರಿ ಬದಲಾಗಬಾರದೆಂಬುದು ನಿಯಮ. 'ಹೊರಗೆ' ಎಂಬಲ್ಲಿಂದ ಇದ್ದದ್ದು ಒಂದೇ ದಾರಿ, ಮನೆಗೆ. ಹಾಗಾಗಿ ರುದ್ರಭೂಮಿಯಿಂದ ಮನೆಗೆ ಬಾಣ ಎಳೆದು ಸಹಿ ಹಾಕಿದೆ.

ಸಂಜೆ ನಾನು ಮನೆಯಲ್ಲಿದ್ದಾಗ ಗೋಡೆಯಲ್ಲಿ ಅವನ ಮಣಿ ಮೂರು ಸಲ ಸರಿದ ಸದ್ದಾಯಿತು. ಒಲೆ ಹೊತ್ತಿತು. ನನ್ನ ಬೆನ್ನ ಹಿಂದೆ ಬೀದಿ ಬಾಗಿಲು ತಾನಾಗಿ ಚಿಲಕ ಹಾಕಿಕೊಂಡಿತು.